ಮೂಲೆಯಿಂದ ಒಂದೂವರೆ ಗೇಣು

ಪೆಟ್ಟಿಗೆ ಸಣ್ಣದು, ಅಕ್ಕಿಯ ಡಬ್ಬಕ್ಕಿಂತ ಗಿಡ್ಡ.
ಎತ್ತಲು ಹೋದರೆ ಮಾತ್ರ
ಒಳಗೆ ಯಾರೋ ಕೂತು, ಬರುವುದಿಲ್ಲ ಅನ್ನುವಷ್ಟು ಭಾರ.
ಬಿಜೈಯಿಂದ ಬೋಳಾರಕ್ಕೆ
ನಾನು ದುಡಿಯುವ ಬಸ್ಸಿನ ಹಿಂದಿನ ಸೀಟಿನಲ್ಲೇ ತಂದೆ,
ಅದಕ್ಕೂ ಒಂದು ಟಿಕೇಟು ಹರಿದೆ.
ಲೆಕ್ಕ ಲೆಕ್ಕವೇ.

ಹಗಲಿಡೀ ನನ್ನ ಬಾಯಲ್ಲಿ ಸೀಟಿ,
ಒಂದಕ್ಕೆ ನಿಲ್ಲು, ಎರಡಕ್ಕೆ ಹೋಗು.
ಹಂಪನಕಟ್ಟೆಯ ಹಾರ್ನು, ಬ್ರೇಕಿನ ಕೀರಲು, ಚಿಲ್ಲರೆಯ ಜಗಳ,
ಎಲ್ಲ ಕಿವಿಯ ಮೇಲಂತಸ್ತಿನ ಗಲಾಟೆ.
ಕೆಳಗಿನ ಕೋಣೆ ಖಾಲಿ ಬಿದ್ದು ಎಷ್ಟೋ ವರ್ಷ.
ಅದಕ್ಕೇ ತಂದೆ ಅಂದರೆ
ಜಲಜಾಕ್ಷಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಇಲ್ಲ.

ನಮ್ಮದು ಉಪ್ಪರಿಗೆ, ಹತ್ತಡಿಗೆ ಒಂಬತ್ತಡಿ.
ಮೇಲೆ ಹಂಚು, ಕೆಳಗೆ ಹಲಗೆ;
ನಮ್ಮ ನೆಲವೇ ಕೆಳಗಿನ ಹಸನಬ್ಬರಿಗೆ ಮುಚ್ಚಿಗೆ.
ಮಂಚ, ಕಪಾಟು, ಅವಳ ಹೊಲಿಗೆ ಮಿಷನ್ನು ಕಳೆದು ಉಳಿದದ್ದು
ಎರಡು ಚಾಪೆಯಷ್ಟು ಜಾಗ.
ಭಾವ ಆಟದಲ್ಲಿ ರೆಕಾರ್ಡು ಮಾಡಿ ಕೊಟ್ಟ ಮದ್ದಳೆ ಹಾಕಿದೆ,
ಅದರ ಎಡ ಮುಚ್ಚಿಗೆಯ ಒಂದು ಪೆಟ್ಟು ನನಗೆ ಬೇಕಾದದ್ದು.
ಮೂಲೆಯಲ್ಲಿಟ್ಟರೆ
ಹೊಟ್ಟೆ ಉಬ್ಬರಿಸಿದ ಹಾಗೆ ಎಲ್ಲವೂ ಒಂದೇ ಗುಂ.
ಕೋಣೆಯ ನಡುವೆ ನಿಂತರೆ ಏನೂ ಇಲ್ಲ.
ಒಂದು ಹೆಜ್ಜೆ ಸರಿದರೆ ಮತ್ತೆ ಬೆನ್ನಿಗೆ ಗುದ್ದು.
ಗಾಳಿಯಲ್ಲೂ ಏರು ತಗ್ಗು ಉಂಟೆಂದು
ನಲವತ್ತಾರರ ಪ್ರಾಯದಲ್ಲಿ ತಿಳಿದದ್ದು.

ಮಾರಿದ ಹುಡುಗ ಹೇಳಿದ್ದ:
ನೀವು ಕೂರುವಲ್ಲಿ ಅದನ್ನು ಕೂರಿಸಿ,
ಅದು ಕೂರಬಹುದಾದಲ್ಲೆಲ್ಲ ನೀವು ತೆವಳಿ.
ಸರಿ, ಮಂಚದ ಮೇಲೆ ಪೆಟ್ಟಿಗೆ, ಧಣಿಯ ಹಾಗೆ.
ಹಲಗೆಯ ಮೇಲೆ ನಾನು, ಅಂಬೆಗಾಲು,
ಕಿವಿ ಗೋಡೆಗೆ ಒಂದು ಗೇಣು.
ಮಂಚದಡಿ ಸಿಕ್ಕಿತು ಒಂದು ಬಾಬಿನ್ನು,
ಆಮೇಲೆ, ಧೂಳಿನ ಉಂಡೆಯೊಳಗೆ, ಅವಳ ಬೆಂಡೋಲೆ.
ನಾನೇ ಮಾರಿದೆನೆಂದು ಮೂರು ತಿಂಗಳು ಮಾತು ಬಿಟ್ಟಿದ್ದಳಲ್ಲ, ಅದೇ.
ಅವಳು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು,
ಇನ್ನೂ ಸ್ವಲ್ಪ ತೆವಳಿ, ಅಂದಳು.

ಮದ್ದಳೆ ಬೇರೆ ಬೇರೆಯಾಗಿ ಕೇಳಿದ್ದು ಕಿಟಕಿಯ ಕೆಳಗೆ,
ಮೂಲೆಯಿಂದ ಒಂದೂವರೆ ಗೇಣು.
ಅಲ್ಲಿಟ್ಟದ್ದೇ
ಕಿಟಕಿಯ ಚಿಲಕ ಎದ್ದಿತು, ಡಬ್ಬದ ಮುಚ್ಚಳ ಎದ್ದಿತು.
ಗುಂಡಿ ತಿರುಗಿಸಿ ಎಂಬತ್ತನ್ನು ಅರವತ್ತು ಮಾಡಿದೆ.
ಹಂಚು ಸುಮ್ಮನಾಯಿತು, ಕಪಾಟಿನ ಕನ್ನಡಿ ಶುರು.
ಬೆನ್ನಿನಲ್ಲಿ ಇನ್ನೊಂದು ಗುಂಡಿ: ಸೊನ್ನೆ, ನೂರೆಂಬತ್ತು.
ಒಂದು ಕಡೆಗೆ, ಚಿಕ್ಕ ಸ್ಪೀಕರುಗಳೂ ಇದೂ ಒಂದನ್ನೊಂದು ಅಳಿಸುತ್ತವೆ,
ಇನ್ನೊಂದು ಕಡೆಗೆ, ಸೇರಿ ನಡೆಯುತ್ತವೆ.
ಯಾವುದೆಂದು ನನಗೆ ಹೊಳೆಯದು.
ಈಗಿನದು, ಅಂದಳು ಜಲಜಾಕ್ಷಿ, ಪೆಡಲು ನಿಲ್ಲಿಸದೆ.

ಆಗ ಏಣಿಮೆಟ್ಟಿಲಲ್ಲಿ ಹಸನಬ್ಬರ ಕಾಲು.
ಮೂವತ್ತು ವರ್ಷ ದಕ್ಕೆಯ ಬೋಟುಗಳ ಇಂಜಿನ್ನಿನ ಹತ್ತಿರ ಮಲಗಿ
ಕಿವಿಯನ್ನು ಅಲ್ಲೇ ಬಿಟ್ಟು ಬಂದವರು.
ನಾವು ಕ್ಷಮೆಯನ್ನು ದೊಡ್ಡ ಸ್ವರದಲ್ಲಿ ತಯಾರು ಮಾಡಿಟ್ಟೆವು.
ಅವರು ನಮ್ಮನ್ನು ನೋಡಲೇ ಇಲ್ಲ.
ಬಂಗುಡೆ ತಾಜಾವೋ ಎಂದು ಒತ್ತಿ ನೋಡುವ ಹಾಗೆ
ಪೆಟ್ಟಿಗೆಯನ್ನು ಹೆಬ್ಬೆರಳಲ್ಲಿ ಒತ್ತಿದರು.
"ಮೌಂಟಿಂಗ್ ಇಲ್ಲ ಮಾರಾಯ. ಹೀಗೆ ಕೂರಿಸಿದರೆ
ಬೋಟಿಡೀ ನಡುಗುವುದಿಲ್ಲವೋ?"
ಇಳಿದು ಹೋಗಿ ತಂದರು
ಡೀಸೆಲಿನ ವಾಸನೆಯ ನಾಲ್ಕು ತುಂಡು ರಬ್ಬರು,
ನಾಲ್ಕು ಕಾಲಿಗೆ ತಾವೇ ಕೊಟ್ಟರು.
ಚಿಲಕ ನಿಂತಿತು. ಮುಚ್ಚಳ ನಿಂತಿತು. ಕನ್ನಡಿಯೊಳಗೆ
ಜಲಜಾಕ್ಷಿಯ ಮುಖ ನಿಂತಿತು, ಬೆಂಡೋಲೆ ಸಮೇತ.
ಆ ಎಡಗೈಯ ಪೆಟ್ಟು ಬಂದು
ನನ್ನ ಕೆಳಗಿನ ಕೋಣೆಯಲ್ಲಿ ಕೂತಿತು.

ಮೂರನೆಯ ದಿನ ನಲ್ಲಿಯ ಹತ್ತಿರ ಹಸನಬ್ಬ ಕೇಳಿದರು:
"ಎಂತ, ಕೆಟ್ಟು ಹೋಯಿತಾ ನಿನ್ನ ಇಂಜಿನ್ನು?
ಮೊದಲ ದಿನ ಮುಚ್ಚಿಗೆಯಿಂದ ಮಂಚಕ್ಕೆ ಇಳಿಯುತ್ತಿತ್ತು,
ಒಳ್ಳೆ ನಿದ್ದೆ ಬಂದಿತ್ತು."

ಅಂದಿನಿಂದ, ರಾತ್ರಿ ಒಂಬತ್ತಕ್ಕೆ
ಒಂದು ರಬ್ಬರು ತೆಗೆಯುತ್ತೇನೆ.
ಪೆಟ್ಟಿಗೆ ಒಂದಿಷ್ಟು ವಾಲುತ್ತದೆ.
ಚಿಲಕ ಬಡಿದುಕೊಳ್ಳಲಿ,
ಮದ್ದಳೆ ಸ್ವಲ್ಪ ಮಂಜಾಗಲಿ.
ತುಸು ಹೊತ್ತಿಗೆ, ಕೆಳಗಿನಿಂದ,
ಕೋಲಿನ ತುದಿಯಲ್ಲಿ
ಎರಡು ಕುಟ್ಟು.