ಎಡಗಾಲಿನ ಚುಕ್ಕಿ

ಮೊದಲ ಕೆಮ್ಮು ಬಾಯಾರಿನಲ್ಲಿ, ಇಪ್ಪತ್ತೆರಡು ದಿನದ ಹೆಣ್ಣು,
ಹೆಸರಿನ್ನೂ ಇಟ್ಟಿರಲಿಲ್ಲ.
ಎರಡನೆಯದು ಗುಡ್ಡದಾಚೆ, ಉಮ್ಮಾಲಿಯ ಮೊಮ್ಮಗ.
ಮೂರನೆಯದು ಕನ್ಯಾನದಲ್ಲಿ. ಅದು ಕರ್ನಾಟಕ,
ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಸಾಲಿಲ್ಲ.

ನಾಯಿಕೆಮ್ಮು.
ದೊಡ್ಡ ಮಕ್ಕಳಾದರೆ ಕೊನೆಯಲ್ಲಿ ಉಸಿರೆಳೆಯುವಾಗ
ಬಾವಿಯ ರಾಟೆಯ ಹಾಗೆ ಕೂಗುತ್ತವೆ.
ಇಷ್ಟು ಸಣ್ಣವಕ್ಕೆ ಕೂಗುವ ತ್ರಾಣವೂ ಇಲ್ಲ,
ಸುಮ್ಮನೆ ನೀಲಿಯಾಗುತ್ತವೆ.

ರಾತ್ರಿ, ಸೊಸೈಟಿ ಬ್ಯಾಂಕಿನ ಹಳೆ ಕ್ಯಾಲೆಂಡರಿನ ಬೆನ್ನಿಗೆ
ಮನೆಗೊಂದು ಚುಕ್ಕಿ ಇಟ್ಟೆ.
ಯಾರು ಯಾರಲ್ಲಿಗೆ ಹೋದರು, ಯಾವ ಮದುವೆ, ಯಾವ ಬೊಜ್ಜ,
ಗ್ಯಾಸ್ ಸಿಲಿಂಡರಿನ ಮೊಯ್ದು, ಕುಟುಂಬಶ್ರೀಯ ಸರೋಜಿನಿ,
ಎಲ್ಲರನ್ನೂ ಎಳೆದು ನೋಡಿದೆ. ಕೂಡಲಿಲ್ಲ.
ರಂಗೋಲಿಗೆ ಚುಕ್ಕಿ ಇಟ್ಟವಳು
ಗೆರೆ ಮರೆತು ಕೂತ ಹಾಗೆ ಕೂತೆ.

"ಹೊರಗಿನವರು ಯಾರು ಬಂದಿದ್ದರು?"
"ಯಾರೂ ಬರಲಿಲ್ಲ ಸಿಸ್ಟರ್, ಬಾಣಂತಿ ಮನೆ ಅಲ್ಲವಾ."
ತುಳುವಿನಲ್ಲಿ ಕೇಳಿದೆ, ಮಲಯಾಳದಲ್ಲಿ ಕೇಳಿದೆ,
ಕೊರಗಜ್ಜನ ಮೇಲೆ ಆಣೆ ಇಟ್ಟು ಹೇಳಿದರು:
ಯಾರೂ ಬರಲಿಲ್ಲ.

ಐದನೆಯ ಮನೆಯಲ್ಲಿ, ತೂಕ ನೋಡಲು ಬಟ್ಟೆ ಬಿಡಿಸುವಾಗ
ಮಗುವಿನ ಎಡ ಅಂಗಾಲಲ್ಲಿ ಕಾಡಿಗೆಯ ಬೊಟ್ಟು.
ದೃಷ್ಟಿಯದ್ದು. ಹೊಸದೇನಲ್ಲ. ಆದರೆ ತುಸು ಓರೆ,
ಬಾಲ ಎಳೆದ ಹಾಗೆ.
ಆ ಬಾಲ ನಾನು ಕಂಡಿದ್ದೆ.
ಉಮ್ಮಾಲಿಯ ಮನೆಯಲ್ಲಿ, ಬಾಯಾರಿನಲ್ಲಿ,
ಅಜ್ಜಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದ
ಕನ್ಯಾನದ ಫೋಟೋದಲ್ಲಿ.

ಒಂದೇ ಬೆರಳು.

ಕೊರಪೊಳು. ಮಗು ಮೀಯಿಸುವವಳು.
ನಾನು ಬಂದವರನ್ನು ಕೇಳಿದ್ದೆ,
ದಿನಾ ಬರುವವಳನ್ನು ಯಾರು ಬಂದವಳೆನ್ನುತ್ತಾರೆ?
ಜಾತಿ ನೋಡದೆ ಬಚ್ಚಲಿಗೆ ಬಿಟ್ಟುಕೊಂಡು
ಜಗಲಿಯಲ್ಲಿ ಲೆಕ್ಕಕ್ಕೆ ಹಿಡಿಯದವಳು.

ಮೂರು ವಾರದಿಂದ ಒಣಕೆಮ್ಮು,
ಹಂಡೆಯೊಲೆಯ ಹೊಗೆಯದ್ದೆಂದು ತಿಳಿದಿದ್ದಳು.
ಕಾಗದವಿಲ್ಲದೆ ಮನೆಗಳ ಹೆಸರು ಹೇಳಿದಳು, ಹದಿನಾಲ್ಕು,
ತೋಡಿನ ಆಚೆಯವು ಆರು, ಈಚೆಯವು ಎಂಟು.
ಯಾವ ಮಗುವಿಗೆ ಬಿಸಿ ಹೆಚ್ಚು ಬೇಕು,
ಯಾವುದು ನೀರು ಬಿದ್ದ ಕೂಡಲೇ ನಿದ್ದೆ ಹೋಗುತ್ತದೆ.
ನನ್ನ ನಕ್ಷೆ ತಾನಾಗಿ ಗೆರೆ ಎಳೆದುಕೊಂಡಿತು,
ಅವಳ ಬಾಯಿಂದ, ಅವಳ ಮೇಲೆಯೇ.

"ನಾನಾ ತಂದದ್ದು?" ಎಂದಳು.
ನಿನಗೂ ಯಾರೋ ಕೊಟ್ಟದ್ದು ಎಂದೆ. ಅದು ನಿಜ.
ನಿಜವನ್ನು ಯಾರೂ ದಾಟಿಸಲಿಲ್ಲ.
ಸಂಜೆ ಮಾತ್ರೆ ಹಂಚಲು ಹೊರಟರೆ
ನನ್ನ ಸ್ಕೂಟರಿಗಿಂತ ಮೊದಲೇ ಸುದ್ದಿ ತಲುಪಿ
ಬಚ್ಚಲಿನ ಕಲ್ಲಿಗೆಲ್ಲ ಫಿನಾಯಿಲ್ ವಾಸನೆ.
ಎಂಟು ಮನೆ, ಒಂದು ಗಂಟೆಯೊಳಗೆ.
ಕೆಮ್ಮಿಗೆ ಮೂರು ವಾರ ಬೇಕಾಗಿತ್ತು.

ಐದು ದಿನದ ಮಾತ್ರೆ ಕೊಟ್ಟು ಬರುವಾಗ
ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಹಿಡಿದು,
ಕೊರಪೊಳು ಕೇಳಿದಳು:
"ನೀವು ಎಷ್ಟು ಮನೆಗೆ ಹೋದಿರಿ ಸಿಸ್ಟರ್,
ಈ ವಾರ? ಕಾಲು ಹಿಡಿದು ನೋಡಿದಿರಂತೆ."

ಬೆರಳು ಮಡಚಿ ಎಣಿಸತೊಡಗಿದೆ.
ಹೆಬ್ಬೆರಳಿಗೆ ಅವರ ಕಾಡಿಗೆ ಹತ್ತಿತ್ತು.