ಷರಾ

ಬಂಕಾಪುರ ಪುರಸಭೆ, ಹಳೇ ಸದಸ್ಯರ ರಿಜಿಸ್ಟರ್.
ವರಲಿ ತಿಂದು ಉಳಿಸಿದ್ದನ್ನ
ಹೊಸಾ ಪುಸ್ತಕಕ್ಕ ಇಳಸಾಕತ್ತೀನಿ.

ಹೆಸರು: ಫಕ್ಕೀರವ್ವ ಕೋಂ ನಾಗಪ್ಪ ಮುಳಗುಂದ.
ಹುಟ್ಟಿದ್ದು: ಕೆರಿ ಒಡದ ವರ್ಷ.
ವಿದ್ಯೆ: ಎಡಗೈ ಹೆಬ್ಬಟ್ಟು.
ಅಧ್ಯಕ್ಷತನ: ಹದಿನೇಳು ದಿನ.

ಆಕೀ ಹಿಂದಿನವರು, ಮುಂದಿನವರು
ಎರಡೆರಡು ಪುಟ ಅದಾರ:
ವಕೀಲಿ, ಅಡತಿ ಅಂಗಡಿ, ಪಕ್ಷ ಬಿಟ್ಟದ್ದು,
ಮತ್ತ ಕೂಡಿದ್ದು.

ಹದಿನೇಳು ದಿನದಾಗ ಒಂದು ನಳಾ,
ಕ್ವಾಟಿ ಹಿಂದಿನ ಓಣ್ಯಾಗ.
ಅದಕ್ಕ ಕಾಲಂ ಇಲ್ಲ.
ಇವತ್ತೂ ತಿರುವಿದರ
ಮೊದಲು ಕೆಮ್ಮತೈತಿ, ಆಮ್ಯಾಲೆ ನೀರು.

ಸತ್ತ ತಾರೀಖು ಕೇಳಾಕಂತ ಮನೀಗೆ ಹೋದೆ.
ಆಕೀನ ಬಾಗಲಾ ತಗದಳು.
"ಕೂಡ್ರಪಾ, ಚಾ ಮಾಡ್ತೀನಿ."

ಷರಾ ಕಾಲಮ್ಮಿನಾಗ
ಪೆನ್ಸಿಲ್ಲೀಲೆ ಬರದೀನಿ:
ಸಕ್ರಿ ಜಾಸ್ತಿ ಹಾಕತಾಳ.