ಮೂರನೇ ಮಹಡಿ

ಲಿಫ್ಟಿನಲ್ಲಿ ಬೆರಳು ತಾನಾಗಿ ಒಂದನ್ನೇ ಒತ್ತಿತು.
ಬಾಗಿಲು ತೆರೆದರೆ ಗೋಡೆಯ ಮೇಲೆ ಅದೇ ಜಿರಾಫೆ,
ಕತ್ತಿನುದ್ದಕ್ಕೂ ಸೆಂಟಿಮೀಟರು.
ನೂರ ನಲವತ್ತೆಂಟರಲ್ಲಿ ನಾನು ನಿಂತು
ನಾಲ್ಕು ವರ್ಷ; ಜಿರಾಫೆ ಕಾಯುತ್ತಲೇ ಇದೆ.
"ಇಲ್ಲಲ್ಲ ಮೋನೇ, ನಿನ್ನದಿನ್ನು ಮೇಲೆ," ಅಂದಳು ಸಿಸ್ಟರ್ ಓಮನಾ,
ಕೈಯಲ್ಲಿ ಯಾವುದೋ ಪುಟ್ಟ ತೋಳಿನ ಪಟ್ಟಿ.

ಮೂರನೇ ಮಹಡಿಯ ಕಾವಲಿನವ ನನ್ನ ನೋಡಿ
"ಮಕ್ಕಳ ವಿಭಾಗ ಕೆಳಗೆ" ಅಂದ.
ಕಾರ್ಡು ತೋರಿಸಿದೆ. ಹುಟ್ಟಿದ ವರ್ಷವನ್ನು ಬೆರಳು ಮಡಿಸಿ ಎಣಿಸಿದ,
ಮತ್ತೊಮ್ಮೆ ಮುಖ ನೋಡಿದ.
ಹದಿನೆಂಟು ದಾಟಿದ್ದು ನಾನಲ್ಲ, ಕಾರ್ಡು
ಅನ್ನಬೇಕೆನಿಸಿತು. ಅನ್ನಲಿಲ್ಲ.

"ಸುಜಿತ್ ವಾಮನ!"
ಅಮ್ಮನೂ ಎದ್ದಳು, ಎಂದಿನಂತೆ, ಚೀಲ ಹೆಗಲಿಗೇರಿಸಿ.
"ಅವರು ಹೊರಗಿರಲಿ," ಅಂದರು. ಒರಟಾಗೇನಲ್ಲ.
ಅಮ್ಮ ಕೂತಳು. ಚೀಲದ ಜಿಪ್ಪು ಎಳೆದಳು,
ಮುಚ್ಚಿದ್ದನ್ನೇ ಮತ್ತೆ ಎಳೆದಳು.

ಡಾಕ್ಟರ್ ಶಮ್ಸಾ ಮುಂದೆ ನನ್ನ ಹದಿನೇಳು ವರ್ಷ
ಒಂದೂವರೆ ಪುಟವಾಗಿ ಬಿದ್ದಿತ್ತು.
(ಕೆಳಗಿನ ಫೈಲು ನಾಲ್ಕು ಸಂಪುಟ. ಟ್ರಾಲಿಯಲ್ಲಿ ಬರುತ್ತಿತ್ತು.)
ಸಿಗರೇಟು? ಇಲ್ಲ.
ಮದುವೆಯ ಯೋಚನೆ? ನಗು ಬಂತು. ಅವರು ನಗಲಿಲ್ಲ:
"ಹುಡುಗಿಯ ರಕ್ತ ಮೊದಲು ನೋಡಿಸಬೇಕು, ಮರೆಯಬೇಡ."
ಅಮ್ಮನಿಲ್ಲದ ಖಾಲಿ ಕುರ್ಚಿಯಲ್ಲಿ
ಯಾರೋ ಹುಡುಗಿ ಬಂದು ಕೂತಂತಾಯಿತು,
ಅರ್ಧ ನಿಮಿಷ.

ಆಮೇಲೆ, "ಮಾತ್ರೆ ದಿನಾ ತೆಗೆದುಕೊಳ್ಳುತ್ತೀಯಾ?"
ಇದಕ್ಕೆ ಉತ್ತರ ಯಾವಾಗಲೂ ಅಮ್ಮನದು:
ಹೌದು ಡಾಕ್ಟರ್, ಕಿತ್ತಳೆ ರಸದಲ್ಲಿ ಕದಡಿ, ನನ್ನ ಕೈಯಾರೆ.
ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದೆ.
ವಾರಕ್ಕೆರಡು ಸಲ ಬೇಸಿನ್ನಿಗೆ ಸುರಿಯುತ್ತೇನೆ.
ಕೆಲವು ವಾರ ಮೂರು.
ನೀರು ಬಿಟ್ಟು ತೊಳೆಯುತ್ತೇನೆ, ವಾಸನೆ ಉಳಿಯದ ಹಾಗೆ.
ಅವರು ಬೈಯಲಿಲ್ಲ. ಬರೆದುಕೊಂಡರು.
ಕಿಟಕಿಯಾಚೆ ಮಸ್ಕತ್ತಿನ ಬೋಳುಬೆಟ್ಟ ತೋರಿಸಿ
"ಯಾಕೆ ಆ ಬಣ್ಣ, ಗೊತ್ತೇ? ಕಬ್ಬಿಣ.
ಬೆಟ್ಟ ತಡೆದೀತು," ಅಂದರು, "ಲಿವರಿಗೆ ಆ ತಾಕತ್ತಿಲ್ಲ."

ವಾರ್ಡಿನ ಮಂಚ ಉದ್ದ. ಕೆಳಗೆ ಪಾದ ಸರಳಿಗೆ ತಾಗುತ್ತಿತ್ತು;
ಇಲ್ಲಿ ಪಾದದಾಚೆ ಇನ್ನೊಬ್ಬ ಮಗು ಮಲಗಬಹುದು.
ಪಕ್ಕದಲ್ಲಿ ನಿಜಾಮಾಬಾದಿನ ಮೇಸ್ತ್ರಿ, ತಲೆಗೂದಲೆಲ್ಲ ನೆರೆತವ.
"ಯಾವಾಗಿನಿಂದ, ಬಾಬು?"
"ಏಳು ತಿಂಗಳಿನವನಿದ್ದಾಗಿನಿಂದ."
ಲೆಕ್ಕ ಹಾಕಿ, "ಹಾಗಾದರೆ ಇಲ್ಲಿ ನೀನೇ ಹಿರಿಯ," ಅಂದ.

ಹೊಸ ನರ್ಸು ಎಣಿಸದೆ ಚುಚ್ಚಿದಳು.
ಓಮನಾ ಎಣಿಸುತ್ತಿದ್ದಳು: ಒನ್ನು, ರಂಡು, ಮೂನ್ನು,
ಮೂನ್ನಿಗೆ ಸರಿಯಾಗಿ ಸೂಜಿ.
ನಾನೇ ಎಣಿಸಿಕೊಂಡೆ, ಚುಚ್ಚಿಯಾದ ಮೇಲೆ.
ನೋವಿಗೆ ನನಗಿರುವುದು ಮಲಯಾಳ. ಮನೆಗೆ ತುಳು.
ಕನ್ನಡ ಬಂದದ್ದು ಅಮ್ಮನ ನೋಟುಬುಕ್ಕಿನಿಂದ:

ನೀಲಿ ರಟ್ಟು, ಇಪ್ಪತ್ತೊಂದು ದಿನಕ್ಕೊಂದು ಸಾಲು.
ಹಾಸಿಗೆ ಪಕ್ಕ ಕೂತು ಬರೆಯುವ ಅವಳ ಕೈ ಹಿಂಬಾಲಿಸಿ
ಅಕ್ಷರ ಕಲಿತೆ. ಇಲ್ಲಿನ ನನ್ನ ಶಾಲೆಯಲ್ಲಿ ಕನ್ನಡವಿರಲಿಲ್ಲ.
ಬೇರೆಯವರಿಗೆ ಅ ಅರಸ, ಆ ಆನೆ.
ನನಗೆ ರ ಮೊದಲು. ರಕ್ತ. ಆಮೇಲೆ ಯೂನಿಟ್ಟಿನ ಯ.
ಪ್ರತಿ ಸಾಲಿನ ಕೊನೆಗೆ ಒಂದೇ ಮಾತು: ಚೆನ್ನಾಗಿದ್ದಾನೆ.
ಜ್ವರ ಬಂದ ದಿನವೂ. ಗುಲ್ಮ ತೆಗೆದ ದಿನವೂ.

ಇಂದು ಚೀಟಿಗಳ ಜೊತೆ ಅದೂ ನನ್ನ ಕೈಗೆ ಬಂತು,
ಪೆನ್ನು ಸಿಕ್ಕಿಸಿಯೇ.
ತಾರೀಕು ಬರೆದೆ. ಎರಡು ಯೂನಿಟ್.
ಮತ್ರಾದ ಮೀನಿನವನದೋ, ಯಾವ ಟ್ಯಾಕ್ಸಿಯವನದೋ,
ಅದಕ್ಕೆ ಅಂಕಣವಿಲ್ಲ.
ಮಾತ್ರೆಯ ವಿಷಯ ಬರೆದೆ, ಇದ್ದದ್ದು ಇದ್ದಂತೆ.
ಕೊನೆಗೆ "ಚೆನ್ನಾಗಿದ್ದಾ" ವರೆಗೆ ಕೈ ಹೋಗಿಬಿಟ್ಟಿತು;
ಹೊಡೆದುಹಾಕಿ
"ಇದೇನೆ" ಎಂದು ಬರೆದೆ.

ಬಸ್ಸಿನಲ್ಲಿ ಅಮ್ಮ ಓದಿದಳು.
ಬೇಸಿನ್ನಿನ ಸಾಲಿನ ಮೇಲೆ ಕಣ್ಣು ನಿಂತೇ ಇತ್ತು,
ರೂವಿಯ ವೃತ್ತ ದಾಟಿದರೂ.
ಏನೂ ಅನ್ನಲಿಲ್ಲ.
ಕೆಂಪು ದೀಪಕ್ಕೆ ಬಸ್ಸು ನಿಂತಾಗ ಪೆನ್ನಿನ ಮುಚ್ಚಳ ತೆಗೆದು
ನಾನು ಬಿಟ್ಟಿದ್ದ ದ ಒತ್ತನ್ನು
ಕೆಳಗೆ ಸೇರಿಸಿದಳು.